ಪುಟ್ಟ ಮಕ್ಕಳೊಂದಿಗೆ ಬಡಾವಣೆಯ ಆಟದ ಮೈದಾನಕ್ಕೆ: ಮನೆಯಿಂದ ಹೊರಟು ಮನೆಗೆ ಮರಳುವವರೆಗೆ

ಆಟದ ಮೈದಾನಕ್ಕೆ ಮಗುವನ್ನು ಕರೆದೊಯ್ಯುವುದರಲ್ಲಿ ಕಲಿಯುವಂಥದ್ದೇನಿದೆ ಎಂದು ಕೇಳುವವರು, ಎರಡು ವರ್ಷದ ಮಗುವನ್ನು ಅಲ್ಲಿಂದ ಮನೆಗೆ ಹೊರಡಿಸುವ ಕೆಲಸವನ್ನು ಸಾಮಾನ್ಯವಾಗಿ ಮಾಡಿದವರಾಗಿರುವುದಿಲ್ಲ. ಎತ್ತರ, ವೇಗ, ಅಪರಿಚಿತರು, ಸರದಿ, ಸೋಲು ಇವೆಲ್ಲವೂ ಒಂದೇ ಗಂಟೆಯೊಳಗೆ ಎದುರಾಗುವ ಜಾಗ ಮಗುವಿಗೆ ಮೈದಾನವಲ್ಲದೆ ಬೇರೊಂದಿಲ್ಲ. ಒಂದರಿಂದ ಆರು ವರ್ಷದವರೆಗಿನ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಈ ಮಾರ್ಗದರ್ಶಿ ಒಂದು ಮಾತನ್ನು ನಂಬಿ ನಡೆಯುತ್ತದೆ: ಹಿರಿಯರ ಕೆಲಸದ ಬಹುಪಾಲು ಮಗು ಆಟಕ್ಕೆ ಇಳಿಯುವ ಮೊದಲೇ ಮುಗಿದಿರಬೇಕು, ಆಮೇಲೆ ಕಣ್ಣಿಗೆ ಕೆಲಸ, ಕೈಗೆ ಬಿಡುವು. ಬಹಳಷ್ಟು ಪೋಷಕರು ಇದನ್ನು ತಲೆಕೆಳಗು ಮಾಡುತ್ತಾರೆ. ನೋಡದೆಯೇ ಮೈದಾನಕ್ಕೆ ಬಂದು, ಬಂದ ಮೇಲೆ ಮಗುವಿನ ಬೆನ್ನಿಗೆ ಅಂಟಿಕೊಂಡಿರುತ್ತಾರೆ.

ಹೆಜ್ಜೆ 1: ಮೊದಲು ನೀವೊಬ್ಬರೇ ಹೋಗಿ ನೋಡಿ ಬನ್ನಿ

ಮಗುವಿನ ಕೈ ಹಿಡಿದುಕೊಂಡು ಮೈದಾನವನ್ನು ಪರಿಶೀಲಿಸಲು ಆಗುವುದಿಲ್ಲ. ಜಾರುಬಂಡಿ ಕಂಡ ಕೂಡಲೇ ಅದು ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ಆದ್ದರಿಂದ ಹತ್ತು ನಿಮಿಷ ಬಿಡುವು ಮಾಡಿಕೊಂಡು ಒಬ್ಬರೇ ಹೋಗಿ ಬರುವುದು ಒಳ್ಳೆಯದು. ಸುತ್ತಲೂ ಬೇಲಿ ಇದೆಯೇ, ಗೇಟಿನ ಚಿಲಕ ಮಗುವಿನ ಕೈಗೆ ಎಟಕುವಂತಿದೆಯೇ, ಗೇಟು ನೇರವಾಗಿ ರಸ್ತೆಗೆ ತೆರೆದುಕೊಳ್ಳುತ್ತದೆಯೇ, ಶೌಚಾಲಯ ಮತ್ತು ನಲ್ಲಿ ಎಷ್ಟು ದೂರದಲ್ಲಿವೆ, ನೆರಳು ಯಾವ ಹೊತ್ತಿನಲ್ಲಿ ಎಲ್ಲಿ ಬೀಳುತ್ತದೆ, ಕುಳಿತ ಜಾಗದಿಂದ ಎಲ್ಲ ಸಲಕರಣೆಗಳೂ ಕಾಣುತ್ತವೆಯೇ ಎಂಬುದನ್ನು ಗಮನಿಸಿ.

ಎಲ್ಲಕ್ಕಿಂತ ಹೆಚ್ಚಾಗಿ ನೋಡಬೇಕಾದದ್ದು ನೆಲವನ್ನು. ಮೈದಾನದಲ್ಲಿ ಮಕ್ಕಳಿಗಾಗುವ ಗಾಯಗಳಲ್ಲಿ ಹೆಚ್ಚಿನವು ಬೀಳುವುದರಿಂದಲೇ ಆಗುತ್ತವೆ. ಎಷ್ಟು ಎತ್ತರದಿಂದ ಬಿದ್ದರು ಎನ್ನುವಷ್ಟೇ ಯಾವುದರ ಮೇಲೆ ಬಿದ್ದರು ಎನ್ನುವುದೂ ಗಾಯದ ಆಳವನ್ನು ತೀರ್ಮಾನಿಸುತ್ತದೆ. ಕಾಂಕ್ರೀಟು, ಡಾಂಬರು, ಗಟ್ಟಿಯಾಗಿ ಕೂತ ಮಣ್ಣು ಇವು ಹತ್ತುವ ಸಲಕರಣೆಯ ಕೆಳಗೆ ಇರಲೇಬಾರದು. ಹುಲ್ಲು ನೋಡಲು ಮೆತ್ತಗಿದ್ದರೂ ತುಳಿದು ತುಳಿದು ಅದರಡಿಯ ಮಣ್ಣು ಗಟ್ಟಿಯಾಗುವುದರಿಂದ ಅದನ್ನು ನಂಬುವಂತಿಲ್ಲ. ರಬ್ಬರು ಹಾಸು, ಮರಳು, ಮರದ ಚಕ್ಕೆ ಇವು ಪೆಟ್ಟನ್ನು ಹೀರಿಕೊಳ್ಳುತ್ತವೆ. ಆದರೆ ಮರಳಾಗಲಿ ಚಕ್ಕೆಯಾಗಲಿ ಸುಮಾರು 23 ಸೆಂಟಿಮೀಟರ್ ಆಳಕ್ಕೆ ತುಂಬಿರಬೇಕು ಎಂಬುದು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ ಸೂಚನೆ. ಕೈಯಿಂದ ಸ್ವಲ್ಪ ಕೆದಕಿ ನೋಡಿ. ತಮಾಷೆಯೆಂದರೆ, ಈ ಪದರ ಎಲ್ಲಿ ಹೆಚ್ಚು ಬೇಕೋ ಅಲ್ಲೇ ಮೊದಲು ಸವೆಯುತ್ತದೆ. ಉಯ್ಯಾಲೆಯ ಕೆಳಗೆ ಮತ್ತು ಜಾರುಬಂಡಿಯ ಕೊನೆಯಲ್ಲಿ ಮಕ್ಕಳ ಕಾಲುಗಳು ಅದನ್ನು ದಿನವೂ ಒದ್ದು ಒದ್ದು ಬದಿಗೆ ಸರಿಸಿರುತ್ತವೆ, ಹತ್ತು ಹೆಜ್ಜೆ ಆಚೆ ಯಾರೂ ಬೀಳದ ಜಾಗದಲ್ಲಿ ಅದು ತುಂಬಿಕೊಂಡಿರುತ್ತದೆ. ಕಾಲಿನಿಂದಲೇ ಅದನ್ನು ಮತ್ತೆ ಗುಂಡಿಗೆ ಎಳೆದು ತುಂಬುವುದಕ್ಕೆ ಎರಡು ನಿಮಿಷ ಸಾಕು.

ಎರಡನೆಯದಾಗಿ ಸಂದುಗಳನ್ನು ನೋಡಿ. ಕಂಬಿಗಳ ನಡುವೆ, ಏಣಿಯ ಮೆಟ್ಟಿಲುಗಳ ನಡುವೆ ಸುಮಾರು 9ರಿಂದ 23 ಸೆಂಟಿಮೀಟರ್ ಅಗಲದ ಸಂದು ಇದ್ದರೆ ಅದು ಅಪಾಯಕಾರಿ. ಪುಟ್ಟ ಮಗು ಕಾಲು ಮೊದಲು ಮಾಡಿ ನುಸುಳಿದಾಗ ಮೈಯೆಲ್ಲ ದಾಟಿ ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ. ಅದಕ್ಕಿಂತ ಕಿರಿದಾದ ಸಂದಿನಲ್ಲಿ ಮೈ ತೂರುವುದಿಲ್ಲ, ಅದಕ್ಕಿಂತ ಅಗಲವಾದರೆ ತಲೆಯೂ ಹೊರಬರುತ್ತದೆ. ಹೊರಗೆ ಚಾಚಿದ ಬೋಲ್ಟು, ಬಾಯಿ ತೆರೆದ ಕೊಕ್ಕೆ, ತುಕ್ಕು ಹಿಡಿದ ಬೆಸುಗೆ, ಸೀಳಿದ ಮರ ಇವು ಕಣ್ಣಿಗೆ ತಾವಾಗಿಯೇ ಬೀಳುತ್ತವೆ. ಪ್ರತಿ ಸಲಕರಣೆಯ ಸುತ್ತಲೂ ಕನಿಷ್ಠ 1.8 ಮೀಟರ್ ಜಾಗ ತೆರವಾಗಿರಬೇಕು. ದೋಷವಿದ್ದರೆ ಫೋಟೊ ತೆಗೆದು, ಮೈದಾನವನ್ನು ನೋಡಿಕೊಳ್ಳುವವರಿಗೆ ಬರವಣಿಗೆಯಲ್ಲಿ ತಿಳಿಸಿ. ಬಾಯಿಮಾತಿನ ದೂರಿಗೆ ಆಯುಸ್ಸು ಕಡಿಮೆ.

ಸಲಕರಣೆಗಳು ಯಾವ ವಯಸ್ಸಿನವರಿಗೆ ಎಂಬ ಫಲಕವಿದ್ದರೆ ಓದಿಕೊಳ್ಳಿ. ಮೇಲೆ ಹೇಳಿದ ಆಯೋಗದ ಸೂಚನೆಗಳು 6ರಿಂದ 23 ತಿಂಗಳು, 2ರಿಂದ 5 ವರ್ಷ, 5ರಿಂದ 12 ವರ್ಷ ಎಂದು ಮಕ್ಕಳನ್ನು ಮೂರು ಗುಂಪು ಮಾಡುತ್ತವೆ. ಫಲಕವಿಲ್ಲದಿದ್ದರೆ ಮೆಟ್ಟಿಲುಗಳ ಅಂತರವನ್ನೇ ಅಳತೆಯಾಗಿ ಇಟ್ಟುಕೊಳ್ಳಬಹುದು. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಕಾಲು ಎತ್ತಿಡಲು ಮಗುವಿನ ಮೊಣಕಾಲು ಎದೆಗೆ ತಾಗಬೇಕಾದರೆ, ಆ ಸಲಕರಣೆ ಇನ್ನೂ ಅದಕ್ಕೆ ಸೇರಿದ್ದಲ್ಲ.

ಹೆಜ್ಜೆ 2: ಹೊತ್ತು, ಉಡುಪು, ಚೀಲ

ಹಸಿದ ಮಗುವನ್ನೂ ನಿದ್ದೆ ತುಂಬಿದ ಮಗುವನ್ನೂ ಮೈದಾನಕ್ಕೆ ಕರೆದೊಯ್ಯಬೇಡಿ. ಜಗಳ, ಬೀಳುವುದು, ಅಳು ಈ ಮೂರೂ ಆ ಹೊತ್ತಿನಲ್ಲೇ ಹೆಚ್ಚು. ಬಿಸಿಲು ಪ್ರಖರವಾಗಿರುವ ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಅವಧಿಯನ್ನು ಬಿಡುವುದು ಲೇಸು. ಆ ಅವಧಿಯಲ್ಲೇ ಹೋಗಬೇಕಾದರೆ ಅಂಚಿರುವ ಟೋಪಿ ಹಾಕಿ, ಹೊರಡುವುದಕ್ಕೆ ಕಾಲು ಗಂಟೆ ಮೊದಲೇ ಸನ್‌ಸ್ಕ್ರೀನ್ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಆರು ತಿಂಗಳೊಳಗಿನ ಕೂಸು ಜೊತೆಗಿದ್ದರೆ ಅದನ್ನು ನೇರ ಬಿಸಿಲಿಗೆ ಒಡ್ಡದೆ ನೆರಳಲ್ಲೇ ಇರಿಸಿಕೊಳ್ಳಿ. ಎಷ್ಟು ಹೊತ್ತು ಇರಬೇಕೆಂಬುದಕ್ಕೆ ನಿಯಮವಿಲ್ಲ. ಮೂರು ಮತ್ತು ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷ ಮೈ ಚಲನೆಯಲ್ಲಿರಬೇಕು, ಅದರಲ್ಲಿ 60 ನಿಮಿಷವಾದರೂ ಏದುಸಿರು ಬರುವಂಥ ಚಟುವಟಿಕೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಇದೆಲ್ಲವನ್ನೂ ಒಂದೇ ಭೇಟಿಯಲ್ಲಿ ಮುಗಿಸಲು ಹೊರಡಬೇಕಿಲ್ಲ. ಎರಡು ವರ್ಷದ ಮಗುವಿಗೆ ಮುಕ್ಕಾಲು ಗಂಟೆ ಧಾರಾಳವಾಯಿತು.

ಉಡುಪಿನ ವಿಷಯದಲ್ಲಿ ಮಾತ್ರ ಸಡಿಲ ಬಿಡುವಂತಿಲ್ಲ. ಕೊರಳಿನ ಬಳಿ ದಾರ ಇಳಿಬಿದ್ದ ಟೋಪಿಯಂಗಿ, ಉದ್ದನೆಯ ಶಾಲು, ಸರ, ಕೊರಳಿಗೆ ನೇತುಹಾಕಿದ ನೀರಿನ ಬಾಟಲಿ ಇವು ಜಾರುಬಂಡಿಯ ಅಂಚಿಗೋ ಕಂಬಿಗೋ ಸಿಕ್ಕಿಕೊಂಡರೆ ಮಗುವಿನ ಮೈಭಾರವೇ ಕುಣಿಕೆಯನ್ನು ಬಿಗಿಯುತ್ತದೆ. ಹೀಗೆ ಮಕ್ಕಳು ಪ್ರಾಣ ಕಳೆದುಕೊಂಡಿದ್ದಾರೆ. ಸೈಕಲ್ಲಿನಲ್ಲಿ ಬಂದ ಮಗುವಿನ ಹೆಲ್ಮೆಟ್ಟನ್ನೂ ಇದೇ ಕಾರಣಕ್ಕೆ ಗೇಟಿನಲ್ಲೇ ತೆಗೆಸಬೇಕು. ತಲೆ ಕಾಯುವ ವಸ್ತುವೇ ಸಂದಿನಲ್ಲಿ ಸಿಕ್ಕಿ, ಗದ್ದದ ಕೆಳಗಿನ ಪಟ್ಟಿ ಕೊರಳನ್ನು ಬಿಗಿಯಬಲ್ಲದು. ಬೆರಳು ಮುಚ್ಚುವ, ಜಾರದ ಪಾದರಕ್ಷೆ ಇರಲಿ.

ಚೀಲದಲ್ಲಿ ನೀರು, ಒದ್ದೆ ಬಟ್ಟೆ, ಒಂದು ಜೊತೆ ಬದಲಿ ಉಡುಪು, ಗಾಯದ ಪಟ್ಟಿ, ಒರೆಸುವ ಬಟ್ಟೆ ಇದ್ದರೆ ಆಯಿತು. ಸಿಕ್ಕಾಪಟ್ಟೆ ಆಟಿಕೆಗಳನ್ನು ಹೊತ್ತುಕೊಂಡು ಹೋದರೆ ಅವುಗಳ ಕಾವಲಿಗೇ ನಿಮ್ಮ ಸಂಜೆ ಕಳೆಯುತ್ತದೆ. ತಿನ್ನಲು ಏನನ್ನಾದರೂ ಒಯ್ದಿದ್ದರೆ ಮಗುವನ್ನು ಕೂರಿಸಿಯೇ ತಿನ್ನಿಸಿ. ಬಾಯಲ್ಲಿ ತುತ್ತಿಟ್ಟುಕೊಂಡು ಓಡುವ ಮಗುವಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ.

ಹೆಜ್ಜೆ 3: ಗೇಟು ದಾಟಿದ ಮೊದಲ ಐದು ನಿಮಿಷ

ಮೊದಲೇ ಮೈದಾನ ನೋಡಿ ಬಂದಿದ್ದರೂ ಆ ದಿನದ ಸ್ಥಿತಿಯನ್ನು ಮತ್ತೊಮ್ಮೆ ನೋಡಬೇಕು. ಒಡೆದ ಗಾಜು, ನಾಯಿ, ನಿಂತ ನೀರು, ಒದ್ದೆ ಮೆಟ್ಟಿಲು ಇವೆಯೇ ಎಂದು ಒಂದು ಸುತ್ತು ಬನ್ನಿ. ಜಾರುಬಂಡಿ ಮತ್ತು ಉಯ್ಯಾಲೆಯ ಮಣೆಯ ಮೇಲೆ ಅಂಗೈಯ ಹಿಂಬದಿಯನ್ನು ಐದು ಸೆಕೆಂಡು ಇಟ್ಟು ನೋಡಿ. ಅಷ್ಟು ಹೊತ್ತು ಇಡಲು ನಿಮಗೇ ಆಗದಿದ್ದರೆ ಮಗುವನ್ನು ಅಲ್ಲಿ ಕೂರಿಸಬೇಡಿ. ಲೋಹ ಮಾತ್ರ ಕಾಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಪ್ಲಾಸ್ಟಿಕ್ಕೂ ಕಪ್ಪು ರಬ್ಬರು ಹಾಸೂ ಬಿಸಿಲಿಗೆ ಚರ್ಮ ಸುಡುವಷ್ಟು ಕಾಯುತ್ತವೆ, ಪುಟ್ಟ ಮಕ್ಕಳ ಚರ್ಮವಂತೂ ನಮ್ಮದಕ್ಕಿಂತ ತೆಳ್ಳಗಿರುತ್ತದೆ.

ಅನಂತರ ಮಗುವಿನ ಎತ್ತರಕ್ಕೆ ಕುಳಿತು ಮೂರೇ ಮಾತು ಹೇಳಿ: ಯಾವ ಗಡಿ ದಾಟಬಾರದು, ಉಯ್ಯಾಲೆ ಆಡುವಾಗ ಅದರ ಎದುರು ಹಿಂದು ಓಡಬಾರದು, ನಾನು ಕಾಣದಿದ್ದರೆ ಈ ಬೆಂಚಿನ ಬಳಿ ಬಂದು ನಿಲ್ಲಬೇಕು. ನಾಲ್ಕನೆಯ ನಿಯಮ ಹೇಳುವಷ್ಟರಲ್ಲಿ ಮಗು ಮೊದಲನೆಯದನ್ನು ಮರೆತಿರುತ್ತದೆ. ಹೇಳಿದ್ದನ್ನು ಮಗುವಿನ ಬಾಯಿಂದಲೇ ಒಮ್ಮೆ ಹೇಳಿಸಿ.

ಕೆಲವು ಮಕ್ಕಳು ಗೇಟಿನಲ್ಲೇ ನಿಮ್ಮ ಕಾಲನ್ನು ತಬ್ಬಿ ನಿಂತುಬಿಡುತ್ತಾರೆ. ಅವರನ್ನು ಮುಂದಕ್ಕೆ ತಳ್ಳಬೇಡಿ. ಮಕ್ಕಳು ಒಬ್ಬರೊಡನೊಬ್ಬರು ಬೆರೆಯುವ ರೀತಿಯನ್ನು ವಿಂಗಡಿಸಿ 1932ರಲ್ಲಿ ಬರೆದ ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟೆನ್, ಬೇರೆಯವರ ಆಟವನ್ನು ಬರಿದೇ ನೋಡುತ್ತ ನಿಲ್ಲುವುದನ್ನೂ ಅವುಗಳಲ್ಲೊಂದಾಗಿ ಗುರುತಿಸಿದ್ದರು. ನೋಡುತ್ತಿರುವ ಮಗು ಸುಮ್ಮನಿಲ್ಲ. ಯಾರು ಎಲ್ಲಿಂದ ಹತ್ತುತ್ತಾರೆ, ಯಾರು ತಳ್ಳುತ್ತಾರೆ ಎಂಬ ಲೆಕ್ಕ ಒಳಗೇ ನಡೆಯುತ್ತಿರುತ್ತದೆ.

ಹೆಜ್ಜೆ 4: ಒಂದೊಂದು ಸಲಕರಣೆಗೂ ಒಂದೊಂದು ರೀತಿ

ಜಾರುಬಂಡಿಯ ವಿಷಯದಲ್ಲಿ ಅಕ್ಕರೆಯಿಂದಲೇ ಆಗುವ ಒಂದು ತಪ್ಪನ್ನು ವಿವರವಾಗಿ ಹೇಳಬೇಕು. ನನ್ನ ಮಗ ಒಂದೂವರೆ ವರ್ಷದವನಾಗಿದ್ದಾಗ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಜಾರಿದ್ದೆ. ಅರ್ಧ ದಾರಿಯಲ್ಲಿ ಅವನ ಬೂಟಿನ ರಬ್ಬರು ಅಟ್ಟೆ ಬದಿಯ ಗೋಡೆಗೆ ಕಚ್ಚಿಕೊಂಡಿತು. ಕಾಲು ಅಲ್ಲೇ ನಿಂತಿತು, ನನ್ನ ಭಾರ ಮಾತ್ರ ನಿಲ್ಲಲಿಲ್ಲ. ಅಷ್ಟರಲ್ಲಿ ಬೂಟು ಕಳಚಿಕೊಂಡಿತು. ಕಳಚದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದು ನನಗೆ ಅರ್ಥವಾದದ್ದು ಆಮೇಲೆ. ಪುಟ್ಟ ಮಕ್ಕಳ ಮೊಣಕಾಲಿನ ಕೆಳಗಿನ ಮೂಳೆ ಮುರಿಯಲು ಇದೊಂದು ಪದೇ ಪದೇ ಕಾಣುವ ಕಾರಣ. ಮಗು ಒಂಟಿಯಾಗಿ ಜಾರುವಾಗ ಕಾಲು ಸಿಕ್ಕಿದರೆ ಅದರ ಹಗುರ ಮೈ ಅಲ್ಲೇ ನಿಲ್ಲುತ್ತದೆ. ದೊಡ್ಡವರ ತೊಡೆಯ ಮೇಲಿದ್ದರೆ ಎರಡು ಮೈಗಳ ಭಾರವೂ ಒಂದೇ ಎಳೆಯ ಮೂಳೆಯನ್ನು ತಿರುಚುತ್ತದೆ. ಒಂಟಿಯಾಗಿ ಜಾರಲಾರದ ಮಗುವಿಗೆ ಅತಿ ತಗ್ಗಿನ ಜಾರುಬಂಡಿಯನ್ನು ಹುಡುಕಿ. ನೀವು ಪಕ್ಕದಲ್ಲಿ ನಿಂತು ಅದರ ಸೊಂಟಕ್ಕೆ ಕೈ ಆನಿಸಿಕೊಂಡು ಜೊತೆಯಲ್ಲೇ ನಡೆದು ಬನ್ನಿ. ಉಳಿದಂತೆ ನಿಯಮಗಳು ಎಲ್ಲರಿಗೂ ಗೊತ್ತಿರುವಂಥವೇ: ಕಾಲು ಮುಂದೆ ಮಾಡಿ ಕುಳಿತೇ ಜಾರುವುದು, ಕೆಳಗಿನವರು ಎದ್ದು ಸರಿದ ಮೇಲಷ್ಟೇ ಮುಂದಿನವರು ಜಾರುವುದು.

ಉಯ್ಯಾಲೆಯಲ್ಲಿ ಆಡುತ್ತಿರುವ ಮಗುವಿಗಷ್ಟೇ ಅಲ್ಲ, ಅದರ ಸುತ್ತ ಓಡಾಡುವ ಮಗುವಿಗೂ ಅಪಾಯವಿದೆ. ತೂಗುವ ಮಣೆಯ ದಾರಿ ಎಲ್ಲಿಯವರೆಗೆ ಚಾಚುತ್ತದೆ ಎಂಬ ಅಂದಾಜು ಮೂರು ವರ್ಷದ ಮಗುವಿಗೆ ಇರುವುದಿಲ್ಲ. ಉಯ್ಯಾಲೆ ನೇತುಬಿದ್ದಿರುವ ತೊಲೆ ಮಣೆಯ ಕೆಳಗಿನ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರ ಎರಡರಷ್ಟು ಜಾಗ ಎದುರಿಗೂ ಹಿಂದಕ್ಕೂ ತೆರವಾಗಿರಬೇಕು ಎಂಬುದು ವಿನ್ಯಾಸಕಾರರ ಲೆಕ್ಕ. ಆ ಲೆಕ್ಕದಲ್ಲೇ ನೆಲದ ಮೇಲೆ ಕಡ್ಡಿಯಿಂದ ಒಂದು ಗೆರೆ ಎಳೆದು ತೋರಿಸಿದರೆ, ನೂರು ಬಾರಿ ಕೂಗಿ ಹೇಳುವುದಕ್ಕಿಂತ ಬೇಗ ಮಗುವಿಗೆ ತಿಳಿಯುತ್ತದೆ. ಕೂಸಿನ ಕತ್ತು ಗಟ್ಟಿಯಾಗಿ, ಆಧಾರವಿಲ್ಲದೆ ಕೂರಲು ಬಂದ ಮೇಲಷ್ಟೇ ಸುತ್ತುವರಿದ ತೊಟ್ಟಿಯಂಥ ಮಣೆಯಲ್ಲಿ ಕೂರಿಸಿ. ತಳ್ಳುವಾಗ ಹಿಂದೆ ನಿಲ್ಲುವುದಕ್ಕಿಂತ ಎದುರಿಗೆ, ಮಣೆ ತಾಗದಷ್ಟು ದೂರದಲ್ಲಿ ನಿಂತು ಪಾದಗಳನ್ನು ಮೆಲ್ಲನೆ ತಳ್ಳುವುದು ನನಗೆ ಮೆಚ್ಚುಗೆ. ಮಗುವಿನ ಮುಖ ಕಾಣುತ್ತದೆ. ಸಾಕು ಎಂಬುದನ್ನು ಬಾಯಿಗಿಂತ ಮೊದಲು ಮುಖ ಹೇಳುತ್ತದೆ.

ಹತ್ತುವ ಕಂಬಿ, ಏಣಿ, ಬಲೆಗಳ ವಿಷಯದಲ್ಲಿ ಒಂದೇ ನಿಯಮ ಸಾಕು. ಮಗು ತಾನಾಗಿ ಹತ್ತಲಾರದ ಜಾಗಕ್ಕೆ ಅದನ್ನು ಎತ್ತಿ ಇಡಬೇಡಿ. ಸ್ವಂತ ಬಲದಿಂದ ಹತ್ತಿದ ಮಗುವಿಗೆ ತಾನು ಬಂದ ದಾರಿ ಗೊತ್ತಿರುತ್ತದೆ. ನೀವು ಎತ್ತಿ ಇಟ್ಟ ಮಗುವಿಗೆ ಇಳಿಯುವ ದಾರಿ ಗೊತ್ತಿಲ್ಲ, ತನ್ನ ಶಕ್ತಿಯ ಬಗ್ಗೆ ತಪ್ಪು ಲೆಕ್ಕವೂ ಸಿಗುತ್ತದೆ. ಅರ್ಧದಲ್ಲಿ ಸಿಕ್ಕಿಕೊಂಡರೆ ಕೂಡಲೇ ಎತ್ತಿಕೊಳ್ಳದೆ, ಬಲಗಾಲಿನ ಕೆಳಗೆ ಒಂದು ಕಂಬಿ ಇದೆ, ಕಾಲಿನಿಂದ ಹುಡುಕು ಎಂದು ಹೇಳಿ. ಎರಡು ಕೈ ಒಂದು ಕಾಲು ಯಾವಾಗಲೂ ಹಿಡಿತದಲ್ಲಿರಲಿ. ನೇತಾಡಿಕೊಂಡು ಸಾಗುವ ಮಂಕಿ ಬಾರ್ ಐದು ವರ್ಷದೊಳಗಿನವರಿಗೆ ಸಲ್ಲದು. ಚಾಚಿದ ಕೈಯ ಮೇಲೆ ಬಿದ್ದು ಮೊಣಕೈಯ ಮೇಲ್ಭಾಗದ ಮೂಳೆ ಮುರಿಯುವುದು ಐದರಿಂದ ಏಳು ವರ್ಷದವರಲ್ಲಿ ಹೆಚ್ಚು, ಆದ್ದರಿಂದ ಆ ವಯಸ್ಸಿನವರು ಆಡುವಾಗಲೂ ನೆಲ ಮೆತ್ತಗಿರಬೇಕು.

ಸೀಸಾ ಹಲಗೆಯಲ್ಲಿ ಸಮ ತೂಕದ ಜೋಡಿ ಇರಲಿ, ಹೇಳದೆ ಇಳಿಯುವುದು ಬೇಡ. ಸುತ್ತು ತಿರುಗುವ ಚಕ್ರ ಪೂರ್ತಿ ನಿಂತ ಮೇಲಷ್ಟೇ ಹತ್ತಿಳಿಯಲಿ.

ಮರಳುಗುಂಡಿಗೆ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಿ. ಎರಡು ವರ್ಷದ ಇಬ್ಬರು ಮಕ್ಕಳು ಅಲ್ಲಿ ಬೆನ್ನಿಗೆ ಬೆನ್ನು ಕೊಟ್ಟು, ಮಾತಿಲ್ಲದೆ, ತಮ್ಮ ತಮ್ಮ ಗುಂಡಿ ತೋಡುತ್ತಿದ್ದರೆ ಅದೂ ಜೊತೆಯಾಟವೇ. ಪಾರ್ಟೆನ್ ಇದನ್ನು ಸಮಾಂತರ ಆಟವೆಂದು ಕರೆದರು. ಡಚ್ ವಾಸ್ತುಶಿಲ್ಪಿ ಆಲ್ಡೊ ವಾನ್ ಐಕ್ 1947ರಿಂದ ಆರಂಭಿಸಿ ಆಮ್‌ಸ್ಟರ್‌ಡಾಮಿನಲ್ಲಿ 700ಕ್ಕೂ ಹೆಚ್ಚು ಆಟದ ಮೈದಾನಗಳನ್ನು ವಿನ್ಯಾಸ ಮಾಡಿದಾಗ ಮರಳುಗುಂಡಿಗೆ ಅಗಲವಾದ, ತಗ್ಗಿನ ಕಾಂಕ್ರೀಟು ಕಟ್ಟೆ ಕಟ್ಟಿಸಿದ್ದರು. ಮಕ್ಕಳಿಗೆ ಅದು ಮರಳಿನ ಅಡುಗೆ ಮಾಡುವ ಮೇಜು, ದೊಡ್ಡವರಿಗೆ ಕೂರುವ ಜಗಲಿ. ನಿಮ್ಮ ಮೈದಾನದಲ್ಲೂ ಅಂಥ ಅಂಚಿದ್ದರೆ ಅಲ್ಲೇ ಕುಳಿತುಕೊಳ್ಳಿ. ಬೆಕ್ಕು ನಾಯಿಗಳು ಮರಳಿನಲ್ಲಿ ಮಲ ಹಾಕುವುದರಿಂದ ದುಂಡುಹುಳುವಿನ ಮೊಟ್ಟೆಗಳು ಅಲ್ಲಿ ಇರಬಹುದು. ಆಟ ಮುಗಿದ ಕೂಡಲೇ, ಏನನ್ನಾದರೂ ತಿನ್ನುವ ಮೊದಲು, ಸೋಪು ಹಚ್ಚಿ ಕೈ ತೊಳೆಸುವುದು ತಪ್ಪಬಾರದು.

ಹೆಜ್ಜೆ 5: ನೋಡುವುದು ಹೇಗೆ, ಮಾತನಾಡುವುದು ಹೇಗೆ

ಮೂರು ವರ್ಷದೊಳಗಿನ ಮಗು ಎತ್ತರದಲ್ಲಿದ್ದಾಗ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಇರಿ. ಅದಕ್ಕಿಂತ ದೊಡ್ಡವರಾದರೆ ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಇಬ್ಬರು ಮಕ್ಕಳಿದ್ದರೆ ಚಿಕ್ಕದರ ಬಳಿ ನಿಂತು, ದೊಡ್ಡದು ಕಣ್ಣಿಗೆ ಬೀಳುವ ಕಡೆಗೆ ಮುಖ ಮಾಡಿ. ಫೋನು ಚೀಲದಲ್ಲಿರಲಿ. ಜನ ತುಂಬಿರುವ ದಿನ ಹೊರಡುವ ಮೊದಲು ಮಗುವಿನ ಫೋಟೊ ಒಂದನ್ನು ತೆಗೆದುಕೊಂಡರೆ, ಕಾಣೆಯಾದ ಗಳಿಗೆಯಲ್ಲಿ ಅಂಗಿಯ ಬಣ್ಣ ನೆನಪಿಸಿಕೊಳ್ಳಲು ತಡಕಾಡಬೇಕಾಗುವುದಿಲ್ಲ.

‘ಹುಷಾರು’ ಎಂಬ ಮಾತನ್ನು ಸಾಧ್ಯವಾದಷ್ಟು ಕಡಿಮೆ ಬಳಸಿ. ಅದರಲ್ಲಿ ನಿಮ್ಮ ಆತಂಕ ಬಿಟ್ಟರೆ ಬೇರೆ ಮಾಹಿತಿ ಇಲ್ಲ, ಮಗು ಆ ಮಾತು ಕೇಳಿ ನಿಮ್ಮತ್ತ ತಿರುಗಿದ್ದರಿಂದಲೇ ಕಾಲು ತಪ್ಪುವುದುಂಟು. ಬದಲಿಗೆ ‘ಆ ಮೆಟ್ಟಿಲು ಒದ್ದೆಯಾಗಿದೆ’, ‘ಎಡಗೈ ಎಲ್ಲಿ ಹಿಡಿಯುತ್ತೀ?’, ‘ನಿನ್ನ ಹಿಂದೆ ಒಬ್ಬ ಪುಟಾಣಿ ಇದ್ದಾಳೆ’ ಎಂದು ಹೇಳಿದರೆ ಮಗು ಅದನ್ನು ಬಳಸಿಕೊಳ್ಳಬಲ್ಲದು. ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಮಕ್ಕಳ ಸಾಹಸದ ಆಟಗಳನ್ನು ಎತ್ತರ, ವೇಗ, ಚಾಕುವಿನಂಥ ಅಪಾಯಕಾರಿ ಹತಾರ, ನೀರು ಬೆಂಕಿಯಂಥ ಅಪಾಯದ ಸಾಮೀಪ್ಯ, ಗುದ್ದಾಟ, ಕಣ್ಮರೆಯಾಗುವುದು ಎಂದು ಆರು ಬಗೆಯಾಗಿ ವಿಂಗಡಿಸಿದರು. ಮಗು ತಾನೇ ಅಳೆದು ನೋಡಬಲ್ಲ ಎತ್ತರವನ್ನು ಅದಕ್ಕೆ ಬಿಟ್ಟುಕೊಡಬಹುದು. ಸಡಿಲಗೊಂಡ ಬೋಲ್ಟನ್ನು ಮಗು ಅಳೆಯಲಾರದು, ಅದನ್ನು ನೋಡಬೇಕಾದವರು ನಾವು.

ಹೆಜ್ಜೆ 6: ಸರದಿ, ತಳ್ಳಾಟ, ಬೇರೆಯವರ ಮಕ್ಕಳು

ಜಾರುಬಂಡಿಯ ತುದಿಯಲ್ಲಿ ಕುಳಿತ ಮಗು, ಎರಡೂ ಕೈಯಲ್ಲಿ ಅಂಚನ್ನು ಬೆರಳು ಬಿಳಿಚುವಷ್ಟು ಬಿಗಿಹಿಡಿದು, ಜಾರಲೂ ಒಲ್ಲದೆ ಇಳಿಯಲೂ ಒಲ್ಲದೆ ಇರುವಾಗ ಹಿಂದೆ ಐದು ಮಕ್ಕಳ ಸಾಲು ಬೆಳೆಯುತ್ತಿರುತ್ತದೆ. ‘ಜಾರುತ್ತೀಯೋ, ಇಳಿದು ಬರುತ್ತೀಯೋ?’ ಎಂದು ಒಮ್ಮೆ ಕೇಳಿ. ಉತ್ತರ ಬರದಿದ್ದರೆ ಹಿಂದಿನ ಮಕ್ಕಳಿಗೆ ಸ್ವಲ್ಪ ಜಾಗ ಬಿಡಲು ಹೇಳಿ, ಏಣಿಯಿಂದಲೇ ಕೆಳಗಿಳಿಸಿಕೊಳ್ಳಿ. ಅವಮಾನದ ಮಾತೇನೂ ಬೇಡ. ಸರದಿಯನ್ನು ನಿಮಿಷದ ಲೆಕ್ಕದಲ್ಲಿ ಹೇಳದೆ ಎಣಿಕೆಯಲ್ಲಿ ಹೇಳಿದರೆ ಮಕ್ಕಳಿಗೆ ಒಪ್ಪಿಗೆಯಾಗುತ್ತದೆ: ಇಪ್ಪತ್ತು ತೂಗು, ಆಮೇಲೆ ಅಕ್ಕನ ಸರದಿ.

ನಿಮ್ಮ ಮಗು ಬೇರೆಯವರನ್ನು ತಳ್ಳಿದರೆ ಮೊದಲು ಬಿದ್ದ ಮಗುವಿನ ಬಳಿ ಹೋಗಿ, ಆಮೇಲೆ ನಿಮ್ಮದರ ಬಳಿ. ಬೇರೆಯವರ ಮಗು ತಳ್ಳಿದರೆ ಆ ಮಗುವನ್ನು ಮುಟ್ಟದೆ, ನಡುವೆ ನಿಂತು, ‘ತಳ್ಳುವುದು ಬೇಡ ಪುಟ್ಟಾ, ಇವಳು ಇಳಿಯುತ್ತಾಳೆ’ ಎಂದು ಸಮಾಧಾನದ ದನಿಯಲ್ಲಿ ಹೇಳಿದರೆ ಅದರ ತಾಯ್ತಂದೆಯರಿಗೂ ಮುಜುಗರವಿಲ್ಲದೆ ಕೇಳಿಸುತ್ತದೆ. ಮನೆಯಿಂದ ತಂದ ಆಟಿಕೆಯನ್ನು ಹಂಚಿಕೊಳ್ಳಲೇಬೇಕೆಂದು ಒತ್ತಾಯಿಸುವುದು ನನಗೆ ಸರಿಯೆನಿಸುವುದಿಲ್ಲ. ಕೊಡಲು ಮನಸ್ಸಿಲ್ಲದ್ದನ್ನು ಮನೆಯಲ್ಲೇ ಬಿಟ್ಟು ಬರುವಂತೆ ಹೊರಡುವಾಗಲೇ ಕೇಳಿಕೊಳ್ಳುವುದು ಮೇಲು.

ಹೆಜ್ಜೆ 7: ಬಿದ್ದರೆ

ಮಗು ಬಿದ್ದ ಕ್ಷಣ ಅದರ ಮುಖ ನಿಮ್ಮ ಮುಖವನ್ನು ಹುಡುಕುತ್ತದೆ, ಆದ್ದರಿಂದ ಕೂಗಬೇಡಿ. ತರಚಿದ ಗಾಯವನ್ನು ಹರಿಯುವ ನೀರಿನಲ್ಲಿ ತೊಳೆದು ಪಟ್ಟಿ ಹಾಕಿ. ಮೂಗಿನಿಂದ ರಕ್ತ ಬಂದರೆ ತಲೆಯನ್ನು ಹಿಂದಕ್ಕೆ ಬಾಗಿಸದೆ ಮುಂದಕ್ಕೆ ಬಾಗಿಸಿ, ಮೂಗಿನ ಮೆದು ಭಾಗವನ್ನು ಹತ್ತು ನಿಮಿಷ ಒತ್ತಿ ಹಿಡಿಯಿರಿ. ಹಾಲುಹಲ್ಲು ಕಿತ್ತು ಬಂದರೆ ಮರಳಿ ಕೂರಿಸಲು ಹೋಗದೆ ದಂತವೈದ್ಯರಿಗೆ ತೋರಿಸಿ. ಮಗುವನ್ನು ಒಂದೇ ಕೈ ಹಿಡಿದು ಮೇಲಕ್ಕೆ ಎಳೆಯಬೇಡಿ. ಐದು ವರ್ಷದೊಳಗಿನವರಲ್ಲಿ ಹಾಗೆ ಎಳೆದಾಗ ಮೊಣಕೈಯ ಕೀಲು ಜಾರುವುದು ಸಾಮಾನ್ಯ, ಮಗು ಆ ಕೈಯನ್ನು ಜೋತುಬಿಟ್ಟು ಅಲುಗಿಸಲು ಒಲ್ಲೆ ಎನ್ನುತ್ತದೆ. ಕೈ ಕಾಲು ಸೊಟ್ಟಗೆ ಕಂಡರೆ, ಊದಿದರೆ, ಭಾರ ಊರಲು ನಿರಾಕರಿಸಿದರೆ ಅಲುಗದಂತೆ ಇರಿಸಿಕೊಂಡು ಆಸ್ಪತ್ರೆಗೆ ಹೋಗಿ.

ತಲೆಗೆ ಪೆಟ್ಟಾದಾಗ ಎಚ್ಚರ ತಪ್ಪಿದರೆ, ಮತ್ತೆ ಮತ್ತೆ ವಾಂತಿಯಾದರೆ, ಎಂದಿನಂತಲ್ಲದ ಮಂಪರು ಬಂದರೆ, ಫಿಟ್ಸ್ ಬಂದರೆ, ಮೂಗು ಕಿವಿಯಿಂದ ನೀರಿನಂಥ ದ್ರವ ಇಳಿದರೆ ಒಂದು ಕ್ಷಣವೂ ಕಾಯಬಾರದು. ಎರಡು ವರ್ಷದೊಳಗಿನ ಮಗು 90 ಸೆಂಟಿಮೀಟರಿಗಿಂತ ಎತ್ತರದಿಂದ ತಲೆಗೆ ಪೆಟ್ಟಾಗುವಂತೆ ಬಿದ್ದಿದ್ದರೆ, ಹೊರಗೆ ಏನೂ ಕಾಣದಿದ್ದರೂ ವೈದ್ಯರಿಗೆ ತೋರಿಸಿ. ಕತ್ತು ಅಥವಾ ಬೆನ್ನುಮೂಳೆಗೆ ಪೆಟ್ಟಾಗಿರುವ ಅನುಮಾನವಿದ್ದರೆ ಮಗುವನ್ನು ಎತ್ತದೆ, ಅಲುಗಿಸದೆ, ಆಂಬುಲೆನ್ಸ್ ಕರೆಸಿ.

ಹೆಜ್ಜೆ 8: ಹೊರಡುವುದು

ಇದಕ್ಕೆ ಕಾಲು ಗಂಟೆ ಮೊದಲೇ ತೆಗೆದಿರಿಸಿ. ಐದು ನಿಮಿಷ ಎಂಬುದು ಮೂರು ವರ್ಷದ ಮಗುವಿಗೆ ಅರ್ಥವಿಲ್ಲದ ಶಬ್ದ. ‘ಇನ್ನು ಮೂರು ಸಲ ಜಾರು, ಆಮೇಲೆ ಬೂಟು ಹಾಕಿಕೊಳ್ಳೋಣ’ ಎಂದರೆ ಅರ್ಥವಾಗುತ್ತದೆ. ಯಾವ ಮೂರು ಎಂಬುದನ್ನು ಮಗುವೇ ಆರಿಸಲಿ, ಎಣಿಕೆಯೂ ಅದರದೇ ಇರಲಿ. ಮೂರು ಮುಗಿದ ಮೇಲೆ ನಾಲ್ಕನೆಯದಕ್ಕೆ ಬೇಡಿಕೆ ಬರುವುದು ಖಂಡಿತ. ಅಲ್ಲಿ ಒಮ್ಮೆ ಸೋತರೆ ಮುಂದಿನ ಭೇಟಿಗಳಲ್ಲಿ ಎಣಿಕೆಗೆ ಬೆಲೆಯೇ ಉಳಿಯುವುದಿಲ್ಲ. ಅತ್ತರೆ ಅಳಲಿ, ಆಟ ಚೆನ್ನಾಗಿತ್ತು ಎಂಬುದಕ್ಕೆ ಆ ಅಳುವೇ ಸಾಕ್ಷಿ ಎಂದುಕೊಂಡು ಎತ್ತಿಕೊಂಡು ನಡೆಯಿರಿ. ‘ಬರದಿದ್ದರೆ ಇಲ್ಲೇ ಬಿಟ್ಟು ಹೋಗುತ್ತೇನೆ’ ಎಂದು ಹೆದರಿಸುವುದನ್ನು ಮಾತ್ರ ಮಾಡಬೇಡಿ. ನಂಬಿದ ಮಗು ಹೆದರುತ್ತದೆ, ನಂಬದ ಮಗು ನಿಮ್ಮ ಮುಂದಿನ ಮಾತನ್ನೂ ನಂಬುವುದಿಲ್ಲ. ಗೇಟು ಮುಚ್ಚುವ ಕೆಲಸವನ್ನೋ ಖಾಲಿ ಬಾಟಲಿ ಹೊರುವ ಕೆಲಸವನ್ನೋ ಅದಕ್ಕೆ ವಹಿಸಿದರೆ ಹೆಜ್ಜೆಗಳು ಸ್ವಲ್ಪ ಚುರುಕಾಗುತ್ತವೆ.

ಮನೆ ಸೇರಿದ ಮೇಲೆ ಬೂಟುಗಳನ್ನು ಬಾಗಿಲ ಹೊರಗೇ ತೆಗೆಸಿ, ಮಗುವಿನ ಕೈಯಿಂದಲೇ ಬೋರಲು ಹಾಕಿಸಿ. ಅದರೊಳಗಿಂದ ಮರಳಿನ ಜೊತೆಗೆ ಒಂದೆರಡು ಕಲ್ಲುಗಳೂ ಬೀಳುತ್ತವೆ. ಅವನ್ನು ಎಸೆಯುವ ಮೊದಲು ಮಗುವನ್ನು ಕೇಳಿ. ಬಹುಶಃ ಅವು ಅಲ್ಲಿ ತಾವಾಗಿ ಬಿದ್ದವಲ್ಲ, ಜೋಪಾನವಾಗಿ ಇಟ್ಟುಕೊಂಡು ತಂದವು.